ಗ್ರಿಡ್‌ನ ‘ಸೆಲ್’ಗೆ ‘ಮಡಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಸೋಮವಾರಪೇಟೆ ಕಡೆಯ ಹೈಸ್ಕೂಲ್ ಮಕ್ಕಳಿಗೆ, ಕಂಪ್ಯೂಟರ್ ಮಳೆಯನ್ನು ಮುಂಚೆಯೇ ಹೇಗೆ ಲೆಕ್ಕ ಹಾಕುತ್ತದೆ ಅಂತ ಹೇಳಿಕೊಡುತ್ತಿದ್ದೇನೆ. ಒಂದು ಪದಕ್ಕೆ ತಡಕಾಡುತ್ತಿದ್ದೇನೆ.

ಗಾಳಿಯ ಸಮೀಕರಣಗಳನ್ನು ಇದ್ದ ಹಾಗೇ ಕಂಪ್ಯೂಟರಿಗೆ ಕೊಡಲು ಬರುವುದಿಲ್ಲ. ಭೂಮಿಯ ಮೇಲಿನ ಗಾಳಿಯನ್ನೆಲ್ಲ ತುಂಡು ಮಾಡಿ, ಒಂದೊಂದಕ್ಕೂ ಒತ್ತಡ, ಬಿಸಿ, ತೇವ ಅಂತ ಸಂಖ್ಯೆ ಇಡುತ್ತಾರೆ. ಪಕ್ಕದ ತುಂಡಿನ ಒತ್ತಡದಲ್ಲಿ ಇದರದ್ದನ್ನು ಕಳೆದು, ನಡುವಿನ ದೂರದಿಂದ ಭಾಗಿಸಿದರೆ ಗಾಳಿಗೆ ಎಷ್ಟು ನೂಕು ಬೀಳುತ್ತದೆ ಅನ್ನುವ ಅಳತೆ ಸಿಗುತ್ತದೆ. ಕೆಲವು ನಿಮಿಷ ಮುಂದೆ ಹೋಗಿ ಮತ್ತೆ ಅದೇ ಲೆಕ್ಕ. ಇಂಗ್ಲೆಂಡಿನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಇದನ್ನು ಕೈಯಲ್ಲೇ ಮಾಡಿ, 1922ರಲ್ಲಿ ಪುಸ್ತಕವಾಗಿ ತಂದರು. 1950ರಲ್ಲಿ ಎನಿಯಾಕ್ ಅನ್ನುವ ಆಗಿನ ಕಾಲದ ಕಂಪ್ಯೂಟರ್ ಮಾಡಿತು. ಈಗಲೂ ಇಂಥ ಕೋಡ್ ಬಹಳಷ್ಟು ಫೋರ್ಟ್ರಾನ್ ಅನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಇದೆ.

ಈ ತುಂಡಿಗೆ ಇಂಗ್ಲಿಷಿನಲ್ಲಿ ‘ಸೆಲ್’, ತುಂಡುಗಳ ಇಡೀ ಜಾಲಕ್ಕೆ ‘ಗ್ರಿಡ್’ ಅನ್ನುತ್ತಾರೆ. ನಾನು ಮೊದಲು ‘ಕೋಶ’ ಅಂದೆ. ಒಬ್ಬ ಹುಡುಗಿ, “ಮೇಡಂ, ಜೀವಕೋಶನಾ?” ಅಂದಳು. ‘ಚೌಕ’ ಅಂದರೆ ಎತ್ತರ ಬಿಟ್ಟುಹೋಗುತ್ತದೆ. ಚೌಕಾಬಾರದ ‘ಮನೆ’ ಇಷ್ಟವಾಯಿತು, ಆದರೆ ಅಲ್ಲಿ ಮನೆಯಿಂದ ಮನೆಗೆ ಏನೂ ಹರಿಯುವುದಿಲ್ಲ.

ಹೊರಗೆ ಗದ್ದೆ ಇತ್ತು, ಬದು ಕಟ್ಟಿದ ಅದರ ಒಂದೊಂದು ತುಂಡೂ ಒಂದೊಂದು ಮಡಿ. ಮೇಲಿನ ಮಡಿಯ ನೀರು ಬದುವಿನ ಕಂಡಿಯಿಂದ ಕೆಳಗಿನ ಮಡಿಗೆ ಇಳಿಯುತ್ತಿತ್ತು. ಮೇಲಿನಿಂದ ಎಷ್ಟು ಹೋಯಿತೋ ಕೆಳಗೆ ಅಷ್ಟೇ ಬರಬೇಕು. ಕೋಡ್‌ನಲ್ಲೂ ಈ ಲೆಕ್ಕ ತಾಳೆಯಾಗಲೇಬೇಕು, ಇಲ್ಲದಿದ್ದರೆ ತುಂಡುಗಳ ನಡುವೆ ನೀರಾವಿ ಸುಮ್ನೆ ಮಾಯವಾಗುತ್ತದೆ. ‘ಮಡಿ’ ಅಂದ ಕೂಡಲೇ ಮಕ್ಕಳಿಗೆ ಗೊತ್ತಾಯಿತು.

ಅಳತೆಯ ಮಾತೂ ಸಲೀಸಾಯಿತು. ಒಂದು ಮಡಿ 100 ಕಿಲೋಮೀಟರ್ ಉದ್ದ, ಅಷ್ಟೇ ಅಗಲ ಇದ್ದರೆ 10,000 ಚದರ ಕಿಲೋಮೀಟರ್. ನಮ್ಮ ಕೊಡಗು ಇಡೀ ಜಿಲ್ಲೆ 4,102. ಅಂದರೆ ಭಾಗಮಂಡಲಕ್ಕೂ ಕುಶಾಲನಗರಕ್ಕೂ ಮಳೆ ಒಂದೇ ಸಂಖ್ಯೆ! ಕಾಫಿ ತೋಟದ ಮನೆಯ ಮಕ್ಕಳು ಒಪ್ಪಲೇ ಇಲ್ಲ. ಪಕ್ಕದ ತೋಟಕ್ಕೂ ತಮ್ಮ ತೋಟಕ್ಕೂ ಹೂ ಮಳೆಯಲ್ಲಿ (ಕಾಫಿ ಹೂ ಅರಳಿಸುವ ಮಳೆ) ಇಪ್ಪತ್ತು ಸೆಂಟ್ಸ್ (ಇಂಚಿನ ನೂರರಲ್ಲಿ ಇಪ್ಪತ್ತು ಪಾಲು) ವ್ಯತ್ಯಾಸ ಇದ್ದದ್ದನ್ನು ಪುಸ್ತಕದಲ್ಲಿ ಬರೆದಿಡುವ ಮನೆಗಳವು.

ಮಡಿಗಿಂತ ಚಿಕ್ಕ ಮೋಡವನ್ನು ಹೇಗೆ ಲೆಕ್ಕಕ್ಕೆ ತರುತ್ತಾರೆ? ಮಡಿಯ ಸರಾಸರಿ ಬಿಸಿ, ತೇವ ನೋಡಿ ಒಂದು ಸೂತ್ರದಿಂದ. ಇದು ‘ಪ್ಯಾರಮೀಟರೈಸೇಷನ್’. ‘ಅಂದಾಜು’ ಸಾಲದು, ಅದಕ್ಕೆ ಕಟ್ಟುನಿಟ್ಟಾದ ನಿಯಮ ಇದೆ. ‘ಒಳಲೆಕ್ಕ’ ಹೇಗಿದೆ?

ಇನ್ನೊಂದು ಅನುಮಾನ. ‘ಮಡಿ’ ಅಂದರೆ ಗದ್ದೆ ಇಲ್ಲದ ಕಡೆಯವರಿಗೆ ಮಡಿ-ಮೈಲಿಗೆಯ ಮಡಿಯೇ ಮೊದಲು ನೆನಪಾಗುತ್ತದಾ? ‘ಗಾಳಿಮಡಿ’ ಅಂತ ಸೇರಿಸಿ ಹೇಳಿದರೆ ಸರಿಹೋಗುತ್ತದಾ? ಅರೆಭಾಷೆ, ಕೊಡವ ತಕ್ಕ್ ಆಡುವವರು ಗದ್ದೆಯ ಒಂದೊಂದು ತುಂಡಿಗೆ ಮನೆಯಲ್ಲಿ ಏನನ್ನುತ್ತೀರಿ, ಅದನ್ನೂ ದಯವಿಟ್ಟು ಬರೆಯಿರಿ.