ಅರ್ಜೆಂಟ್: ಸರ್ವರ್ ಬದಲಾದ್ರೂ ಬದಲಾಗದ ವಿಳಾಸಕ್ಕ ಏನಂತೀರಿ?

ನಮಸ್ಕಾರ್ರೀ ಎಲ್ಲಾರಿಗೂ,

ನಾಳೆ 11ಕ್ಕ ಪುಣೆದ ಅಪ್ಪಾ ಬಳವಂತ ಚೌಕದಾಗ ಪ್ರಿಂಟಿಂಗ್‌ನವಗ ಸ್ಟಿಕರ್ ಮ್ಯಾಟರ್ ಕೊಡಬೇಕಾಗೇದ. ಹಿಂಜವಡಿಯಾಗ ನಾವು ಜೋಡಿಸಿದ ಚಾಸಿಸ್ (ಸರ್ವರ್ ಕೂಡಿಸೋ ಡಬ್ಬಿ) ಕಲಬುರಗಿಗೆ ಹೊಂಟದ, ಅಲ್ಲಿ ರಾತ್ರಿ ಪಾಳಿ ಹುಡುಗ್ರಿಗೆ ಸೂಚನಾ ಕನ್ನಡದಾಗ ಬೇಕಂತ. ಡಬ್ಬಿಯಾಗ 16 ಬ್ಲೇಡ್ ಸರ್ವರ್ (ಸ್ಲಾಟಿನಾಗ ತುರುಕೋ ತೆಳ್ಳನ ಸರ್ವರ್) ಕೂಡ್ತಾವ. ನೆಟ್‌ವರ್ಕ್ ಕಾರ್ಡಿಗೆ ಫ್ಯಾಕ್ಟರಿಯಾಗೇ ಹಾಕಿದ 48 ಬಿಟ್ಟಿನ ಮ್ಯಾಕ್ ವಿಳಾಸ (ನೆಟ್‌ವರ್ಕಿನಾಗ ಆ ಕಾರ್ಡಿನ ಗುರುತು) ಇರ್ತದ, ಬ್ಲೇಡ್ ಕೆಟ್ಟು ಬ್ಯಾರೇದು ಹಾಕಿದ್ರ ಅದೂ, ಸ್ಟೋರೇಜ್ ಕಾರ್ಡಿನ ಅಂಥಾದ್ದೇ ಗುರುತು ಡಬ್ಲ್ಯೂಡಬ್ಲ್ಯೂಎನ್ನೂ ಬದಲಾಗಿ ಡಿಎಚ್‌ಸಿಪಿ (ಐಪಿ ಹಂಚೋದು), ಸ್ಯಾನ್ ಝೋನಿಂಗ್ (ಹೊರಗಿನ ಡಿಸ್ಕಿನ ಜಾಲದಾಗ ಯಾವ ಸರ್ವರಿಗೆ ಯಾವ ಡಿಸ್ಕ್ ಕಾಣಬೇಕನ್ನೋದು) ಎಲ್ಲಾ ಮತ್ತ ತಿದ್ದಬೇಕು. ಆ ತಾಪತ್ರಯ ಬ್ಯಾಡಂತ ಚಾಸಿಸ್ಸೇ ಸ್ಲಾಟಿಗಿಷ್ಟು ಮ್ಯಾಕ್, ಡಬ್ಲ್ಯೂಡಬ್ಲ್ಯೂಎನ್ ಇಟ್ಕೊಂಡು ಯಾವ ಬ್ಲೇಡ್ ಬಂದು ಕೂತ್ರೂ ಅದಕ್ಕ ಅವನ್ನೇ ಹಚ್ತದ. ಈ ವಿಳಾಸಕ್ಕ ಹೆಸರು ಬೇಕ್ರಿ. 'ಖಾಯಂ ವಿಳಾಸ' ಅಂತ ಬರದೀನಿ. 'ಸ್ಥಿರ' ಅನ್ನಬ್ಯಾಡ್ರಿ, ಅದು ಸ್ಟ್ಯಾಟಿಕ್ ಐಪಿಗೆ ಹೋಗೇದ.

— ಹಿಂಜವಡಿ

ಕಾಯಂ. ಖಾ ಅಲ್ಲ, ಕಾ. ಅರಬ್ಬಿಯಲ್ಲೂ ಅಲ್ಲಿ ಉಸಿರಿಲ್ಲ, ಪಕ್ಕದ ಮರಾಟಿಯವರೂ ಕಾಯಮ್ ಅಂತಲೇ ಬರೀತಾರೆ, ಸಾಲ ತಂದ ಮಾತಿಗೆ ಉಸಿರಿನ ಬಡ್ಡಿ ಸೇರಿಸಿಕೊಂಡವರು ನಾವು ಮಾತ್ರ. ಅಶ್ಟಕ್ಕೂ ಅದ್ಯಾಕೆ, 'ನೆಲೆಗುರುತು' ಅನ್ನಿ. ಮುಗೀತು.

— ಕೋತ್ರೂಡ್

ಕಾ ಆದ್ರೂ ಖಾ ಆದ್ರೂ ಪದವೇ ತಪ್ಪು ಮಾರಾಯ್ರೆ. ಖಾಯಂ ಯಾರಿಗೆ? ಕಾರ್ಡಿನ ಪಾಲಿಗೆ ಫ್ಯಾಕ್ಟರಿ ಮ್ಯಾಕ್ಕೇ ಖಾಯಂ. ನೀವು ಹೇಳುವುದು ಸ್ಲಾಟಿಗೆ ಅಂಟಿದ್ದು. ಹಿಂದೆ ನಾನಿದ್ದಲ್ಲಿ ಒಬ್ಬ ಹುಡುಗ ಧೂಳು ಹೊಡೀಲಿಕ್ಕೆ ಅಂತ ಎರಡು ಬ್ಲೇಡ್ ಎಳೆದು 5ರದ್ದು 6ಕ್ಕೆ, 6ರದ್ದು 5ಕ್ಕೆ ತುರುಕಿದ. ಡಿಸ್ಕೆಲ್ಲ ಸ್ಯಾನಿನಲ್ಲಿ, ಸ್ಯಾನು ನೋಡುವುದು ಡಬ್ಲ್ಯೂಡಬ್ಲ್ಯೂಎನ್ ಮಾತ್ರ, ಹಾಗಾಗಿ ಒಂದೂ ಎರರ್ ಇಲ್ಲದೆ ಎರಡೂ ಎದ್ದವು, ಮೆಮೊರಿ ಕಡಿಮೆ ಇದ್ದ ಬ್ಲೇಡಿನ ಮೇಲೆ ಡೇಟಾಬೇಸ್ ಬಂದು ಕೂತು ಬೆಳಗ್ಗೆವರೆಗೆ ತೆವಳಿತು. 'ಸ್ಲಾಟಿನ ವಿಳಾಸ' ಅನ್ನಿ, ಸಾಕು. ವಿಳಾಸ ಪ್ರೊಫೈಲಿನ (ಸರ್ವರಿಗೆ ಹಚ್ಚುವ ಸೆಟ್ಟಿಂಗುಗಳ ಕಟ್ಟು) ಜೊತೆ ಓಡಾಡುವ ಸಿಸ್ಕೋ ಕಂಪನಿಯ ಯುಸಿಎಸ್ ಸರ್ವರ್ ಆದ್ರೆ ಬೇರೆ ಕಥೆ.

— ಐರೋಲಿ

ಇಲ್ರಿ, ನಮ್ದು ಸ್ಲಾಟಿಂದೇ. ನೀವಂದದ್ದು ಖರೆ, ಖಾಯಂ ಕೈಬಿಟ್ಟೆ. ಸ್ಲಾಟಿಗೆ 'ಖಾನೆ' ನಡೀತದೇನು?

— ಹಿಂಜವಡಿ

ನಡೆಯಲ್ಲ. ಪಾರ್ಸಿ. ಎರಡು ಕಂಬದ ನಡುವಿನ ಜಾಗಕ್ಕೆ ನಮ್ಮಲ್ಲಿ ಅಂಕಣ ಅಂತ ಮಾತಿದೆ, ಹಳೇ ಮನೆ ಅಳೀತಿದ್ದದ್ದೇ ಅಂಕಣದಲ್ಲಿ. ಇಂಗ್ಲಿಶಿನವರು ಸರ್ವರಿನ ಗೂಡಿಗೆ ಬೇ ಅನ್ನೋದೂ ಇದೇ ಲೆಕ್ಕದಲ್ಲಿ. ನಿಮ್ಮ ಡಬ್ಬಿ ಹದಿನಾರಂಕಣದ ಮನೆ. ಅಂಕಣದ ವಿಳಾಸ.

— ಕೋತ್ರೂಡ್

ಮೇಷ್ಟ್ರೇ, ಮಾತು ಚೆನ್ನಾಗಿದೆ, ಆದ್ರೆ ಇವತ್ತಿನ ಹುಡುಗರು ಅದನ್ನ ಓದಿ ಪೇಪರಿಗೆ ಲೇಖನ ಕಳಿಸೋ ವಿಳಾಸ ಅಂದ್ಕೋತಾರೆ. ಪಾರ್ಸಿ ಬೇಡ ಅನ್ನೋರು ಕಾರ್ಖಾನೆ ದವಾಖಾನೆ ಎಲ್ಲಿ ಬಿಸಾಕ್ತೀರಿ, ಹಳೇ ಮೈಸೂರಲ್ಲಿ ಜನಗಣತಿಗೇ ಖಾನೇಷುಮಾರಿ ಅಂತಿದ್ರು. ವಿಳಾಸ ಏನು ಅಚ್ಚಗನ್ನಡವಾ? ಸಂಸ್ಕೃತದ ವಿಲಾಸ, ಆಟ ಸೊಗಸು ಅನ್ನೋ ಅರ್ಥದ್ದು. ಇಲ್ಲಿ ಮಡಗಾಂವಲ್ಲಿ ಯಾರಿಗಾದ್ರೂ ನಿಮ್ಮ ವಿಲಾಸ ಏನು ಅಂತ ಕೇಳಿದ್ರೆ ಒದೆ ಬೀಳುತ್ತೆ.

— ಮಡಗಾಂವ್

ವಿಳಾಸ ಬೇಡ ಅಂತ ನಾನು ಮೊದಲೇ ಹೇಳಿದ್ದೆ. ನೆಲೆಗುರುತು. ಓದೋದು ಬಿಟ್ಟು ಬರೀತಾರೆ.

— ಕೋತ್ರೂಡ್

ಪ್ರಿಂಟಿಂಗ್‌ನವ ಇವತ್ತೇ ಕೇಳ್ದ, ಕಳಿಸಿಬಿಟ್ಟೆ. ಒಂದು ಪದದಾಗ ಕೂಡಲಿಲ್ಲಂತ ವಾಕ್ಯಾನೇ ಬರದೆ: "ವಿಳಾಸ ಖಾನೆಯದು, ಸರ್ವರಿನದಲ್ಲ. ಬದಲಿ ಸರ್ವರನ್ನು ಅದೇ ನಂಬರಿನ ಖಾನೆಗೆ ಹಾಕಿ." ಸಿಟ್ಟಾಗಬ್ಯಾಡ್ರಿ ಮೇಷ್ಟ್ರ, ಈ ಖಾನೆಗೆ ಮರಾಠಿಯಾಗೂ ಖಾನೇ ಅದ.

— ಹಿಂಜವಡಿ

ಬರೆಯೋದು ಏನಾದರೂ ಬರೀರಿ, ಕಲಬುರಗಿ ಹುಡುಗರು ಬಾಯಲ್ಲಿ ಕಾನೆ ಅಂತಲೇ ಅನ್ನೋದು.

— ಕೋತ್ರೂಡ್