ಹೋನಿಂಗ್ ಮುಗಿದ ಬ್ಲಾಕ್‌ಗೆ ಫಿಲ್ಲರ್ ತುಂಬಬಹುದೇ?

ಪ್ರಶ್ನೆ:
ಟರ್ಬೊ ಅಳವಡಿಸಲಿರುವ ಎರಕದ ಕಬ್ಬಿಣದ ವಿ8 ಎಂಜಿನ್ ಬ್ಲಾಕ್ ಒಂದು ನನ್ನ ಬಳಿ ಇದೆ. ಬೋರಿಂಗ್ (ಸಿಲಿಂಡರ್ ಕೊರೆದು ಅಗಲಿಸುವುದು), ಹೋನಿಂಗ್ (ಅದರ ಒಳಮೈಯನ್ನು ಉಜ್ಜಿ ಅಂತಿಮ ಅಳತೆಗೆ ತರುವುದು) ಎರಡೂ ಮುಗಿದಿವೆ. ಸಿಲಿಂಡರ್ ಗೋಡೆಗಳು ತೆಳುವಾಗಿರುವುದರಿಂದ, ವಾಟರ್ ಪಂಪ್ ರಂಧ್ರಗಳ ಕೆಳ ಅಂಚಿನವರೆಗೆ ವಾಟರ್ ಜಾಕೆಟ್‌ಗೆ (ಸಿಲಿಂಡರ್ ಸುತ್ತ ನೀರು ಹರಿಯುವ ಟೊಳ್ಳಿಗೆ) ಫಿಲ್ಲರ್ (ಸುರಿದ ಮೇಲೆ ಗಟ್ಟಿಯಾಗುವ ಮಿಶ್ರಣ) ತುಂಬಬೇಕೆಂದಿದ್ದೇನೆ. ಮತ್ತೆ ಹೋನಿಂಗ್ ಮಾಡಿಸಲೇಬೇಕೇ? ಕಾರು ರಸ್ತೆಯಲ್ಲೂ ಓಡಬೇಕಾದ್ದರಿಂದ ಬಿಸಿ ಹೆಚ್ಚಾಗುವ ಭಯವೂ ಇದೆ.

ಉತ್ತರ:
ಮಾಡಿಸಲೇಬೇಕು. ಫಿಲ್ಲರ್ ಗಟ್ಟಿಯಾಗುವಾಗ ಬೋರ್‌ನ (ಸಿಲಿಂಡರ್ ರಂಧ್ರದ) ದುಂಡುತನ ಕೂದಲೆಳೆಯಷ್ಟು ಕೆಟ್ಟರೂ ಪಿಸ್ಟನ್ ರಿಂಗ್‌ಗಳು ಗೋಡೆಗೆ ಸರಿಯಾಗಿ ಕೂರುವುದಿಲ್ಲ. ಫಿಲ್ಲರ್ ತುಂಬುವುದೇ ರಿಂಗ್‌ಗಳು ಚೆನ್ನಾಗಿ ಕೂರಲೆಂದು. ಆದ್ದರಿಂದ ತುಂಬುವುದು ಮೊದಲು, ಬೋರಿಂಗ್ ಮತ್ತು ಹೋನಿಂಗ್ ನಂತರ ಎಂಬುದೇ ಸರಿಯಾದ ಕ್ರಮ. ನಿಮ್ಮ ಬೋರ್ ಈಗಾಗಲೇ ಅಂತಿಮ ಅಳತೆಯಲ್ಲಿದ್ದರೆ ಮುಂದಿನ ಓವರ್‌ಸೈಜ್ (ಇನ್ನೂ ದೊಡ್ಡ ಅಳತೆಯ) ಪಿಸ್ಟನ್‌ಗೆ ಹೋಗಬೇಕಾಗಬಹುದು, ಆಗ ಗೋಡೆ ಇನ್ನಷ್ಟು ತೆಳುವಾಗುತ್ತದೆ. ಒಮ್ಮೆ ತುಂಬಿದ್ದನ್ನು ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯವಾದ್ದರಿಂದ, ಮೊದಲು ಅಲ್ಟ್ರಾಸಾನಿಕ್ ಉಪಕರಣದಿಂದ ಗೋಡೆಗಳ ದಪ್ಪವನ್ನು ಅಳೆಸಿ ನಿರ್ಧರಿಸಿ.

ಜಾಕೆಟ್‌ನೊಳಗಿನ ತುಕ್ಕು, ಎಣ್ಣೆ ಹಾಗೂ ಎರಕದ ಮರಳು ಪೂರ್ತಿ ಹೋಗದಿದ್ದರೆ ಫಿಲ್ಲರ್ ಲೋಹವನ್ನು ಹಿಡಿಯುವುದಿಲ್ಲ. ಮೇನ್ ಕ್ಯಾಪ್‌ಗಳನ್ನೂ (ಕ್ರ್ಯಾಂಕ್ ಅನ್ನು ಬ್ಲಾಕ್‌ಗೆ ಹಿಡಿದಿಡುವ ತುಂಡುಗಳು) ಟಾರ್ಕ್ ಪ್ಲೇಟ್‌ಗಳನ್ನೂ (ಸಿಲಿಂಡರ್ ಹೆಡ್‌ನ ಬದಲು ಬಿಗಿಯುವ ದಪ್ಪ ಫಲಕಗಳು) ನಿಗದಿತ ಟಾರ್ಕ್‌ಗೆ (ತಿರುಗುಬಲಕ್ಕೆ) ಬಿಗಿದು, ಸಿಲಿಂಡರ್‌ಗಳ ಒಂದು ಸಾಲಿನ ಮೇಲ್ಮೈಯನ್ನು ಸಮತಟ್ಟಾಗಿಟ್ಟು ತುಂಬಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಗಾಳಿಗುಳ್ಳೆಗಳನ್ನು ಹೊರಡಿಸಿ; ಅದು ಗಟ್ಟಿಯಾದ ಮೇಲೆ ಇನ್ನೊಂದು ಸಾಲು. ಸಾಮಾನ್ಯ ಕಾಂಕ್ರೀಟ್ ಖಂಡಿತ ಬೇಡ: ಅದು ಒಣಗುತ್ತ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ.

ಇನ್ನೊಂದು ಉತ್ತರ:
ಬಿಸಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ದಹನದ ಶಾಖ ಹೆಚ್ಚಾಗಿ ಸಿಲಿಂಡರ್‌ನ ಮೇಲ್ಭಾಗ ಮತ್ತು ಹೆಡ್‌ನಲ್ಲಿಯೇ ಇರುವುದರಿಂದ ನೀವು ಹೇಳಿದ ಎತ್ತರಕ್ಕೆ ನೀರಿನ ತಾಪ ಅಷ್ಟಾಗಿ ಬದಲಾಗದು. ಆದರೆ ಕೆಳಭಾಗದ ಶಾಖವನ್ನು ಈಗ ಎಣ್ಣೆಯೇ ಹೊರಬೇಕು. ಎಣ್ಣೆಯ ತಾಪಮಾಪಕ ಮತ್ತು ಆಯಿಲ್ ಕೂಲರ್ ಇಲ್ಲದೆ ರಸ್ತೆಗಿಳಿಸಬೇಡಿ. ಬ್ಲಾಕ್‌ನ ಡ್ರೈನ್ ಪ್ಲಗ್‌ಗಳೂ ಮುಚ್ಚಿಹೋಗುತ್ತವೆ. ಜಾಕೆಟ್ ಪೂರ್ತಿ ತುಂಬುವುದು ಕೆಲವೇ ಸೆಕೆಂಡು ಓಡುವ ಡ್ರ್ಯಾಗ್ ಕಾರುಗಳಿಗೆ ಸರಿ, ನಿಮಗಲ್ಲ.

ಪ್ರಶ್ನಿಸಿದವರು:
ಧನ್ಯವಾದಗಳು. ಮೇನ್ ಕ್ಯಾಪ್ ಬಿಚ್ಚಿದಾಗ ಅದು ಬ್ಲಾಕ್‌ಗೆ ಕೂರುವ ಜಾಗದಲ್ಲಿ ಉಜ್ಜಿದ ಗುರುತುಗಳು ಕಂಡವು. ಫಿಲ್ಲರ್‌ನಿಂದ ಅದೂ ನಿಲ್ಲುವುದೇ?

ಉತ್ತರ:
ಅದನ್ನು ಫಿಲ್ಲರ್‌ಗೆ ಬಿಡಬೇಡಿ. ಅದು ಭಾರಕ್ಕೆ ಕ್ಯಾಪ್ ಅಲುಗಿದ ಗುರುತು. ಫಿಲ್ಲರ್ ಸಿಲಿಂಡರ್ ಗೋಡೆಗೆ ಆನಿಕೆಯಾಗುತ್ತದೆಯೇ ಹೊರತು ಕ್ರ್ಯಾಂಕ್ ಹೊರುವ ಭಾಗವನ್ನು ಹಿಡಿದಿಡುವುದಿಲ್ಲ. ಆ ಭಾಗದಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸಿ. ಬಿರುಕಿಲ್ಲದಿದ್ದರೆ ಬಲವಾದ ಕ್ಯಾಪ್ ಮತ್ತು ಸ್ಟಡ್‌ಗಳನ್ನು ಹಾಕಿಸಿ, ಫಿಲ್ಲರ್ ಗಟ್ಟಿಯಾದ ನಂತರವೇ ಲೈನ್ ಹೋನಿಂಗ್ (ಕ್ರ್ಯಾಂಕ್ ಕೂರುವ ರಂಧ್ರಗಳನ್ನು ಒಂದೇ ರೇಖೆಗೆ ತರುವ ಕೆಲಸ) ಮಾಡಿಸಿ. ಬಿರುಕಿದ್ದರೆ ಬೇರೆ ಬ್ಲಾಕ್ ನೋಡಿ.