ಅಟ್ಟದಲ್ಲಿ ನೋಕಿಯಾ ಇ63 ಸಿಕ್ಕಿದೆ, ಏನಕ್ಕಾದರೂ ಬರುತ್ತಾ?

ತುಂಗಾ_ತೀರ:
ಎಲ್ಲರಿಗೂ ನಮಸ್ಕಾರ. ಮನೆಗೆ ಸುಣ್ಣ ಹೊಡೆಸೋಣ ಅಂತ ಅಟ್ಟ ಖಾಲಿ ಮಾಡುವಾಗ ನನ್ನ ಕಾಲೇಜು ದಿನಗಳ ನೋಕಿಯಾ ಇ63 ಸಿಕ್ಕಿತು. ಕೆಂಪು ಬಣ್ಣದ್ದು, 2010ರಲ್ಲಿ ತಗೊಂಡಿದ್ದು. ಗುಂಡಿಗಳೆಲ್ಲ ಗಟ್ಟಿಯಾಗಿವೆ, ‘ಎ’ ಅಕ್ಷರ ಮಾತ್ರ ಅಳಿಸಿಹೋಗಿದೆ. ಸಪೂರ ಪಿನ್ನಿನ ಚಾರ್ಜರ್ ಹುಡುಕಿ ಹಾಕಿದೆ. ಎರಡು ಕೈ ಸೇರುವ ಆ ಚಿತ್ರ ಬಂತು, ಮತ್ತೆ ಆಫ್ ಆಯಿತು. ಹೆಂಡತಿ ಗುಜರಿಗೆ ಹಾಕಿ ಅಂತಿದ್ದಾಳೆ. ನನಗೆ ಮನಸ್ಸಿಲ್ಲ. ಆಗ ನೀವೆಲ್ಲ ಇಂಥ ಫೋನಲ್ಲಿ ಏನೇನು ಮಾಡುತ್ತಿದ್ದಿರಿ? ಈಗ ಇದು ಯಾವ ಕೆಲಸಕ್ಕಾದರೂ ಬರುತ್ತಾ?

ಡಬ್ಬಿ_ಅಕ್ಷರ:
ನನಗೆ ಅದು ಕನ್ನಡ ಓದುವ ಯಂತ್ರ ಆಗಿತ್ತು. ಆಗ ಆ ಫೋನಲ್ಲಿ ಕನ್ನಡ ಪುಟ ತೆರೆದರೆ ಬರೀ ಡಬ್ಬಿ ಕಾಣುತ್ತಿತ್ತು, ನೆನಪಿದೆಯಾ? ಒಪೆರಾ ಮಿನಿ ಅನ್ನೋ ಬ್ರೌಸರಲ್ಲಿ ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಅಂತ ಇಂಗ್ಲಿಷಲ್ಲಿ ಹೊಡೆದು, ಕೆಳಗಿನ ಬಿಟ್‌ಮ್ಯಾಪ್ ಫಾಂಟ್ ಅನ್ನೋದಕ್ಕೆ ‘ಯೆಸ್’ ಕೊಟ್ಟರೆ ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು. ಡೇಟಾ ಸ್ವಲ್ಪ ಜಾಸ್ತಿ ತಿನ್ನುತ್ತಿತ್ತು. ಆದರೂ ಹಾಸ್ಟೆಲ್ಲಲ್ಲಿ ಹದಿನೈದು ಜನರಿಗೆ ನಾನೇ ಅದನ್ನು ಮಾಡಿಕೊಟ್ಟಿದ್ದೇನೆ. ಒಬ್ಬೊಬ್ಬರಿಂದ ಒಂದೊಂದು ಮಸಾಲೆ ದೋಸೆ.

ವೈಂಡಿಂಗ್_ಮಾವ:
ಗುಜರಿಗೆ ಹಾಕಬೇಡಿ ಮಾರಾಯ್ರೆ. ನನ್ನದು ಸಾಗರದ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. 2009ರಿಂದ ಏಳು ವರ್ಷ ಇದೇ ಇ63 ನನ್ನ ಶರ್ಟಿನ ಜೇಬಲ್ಲಿತ್ತು. ಮಾತಾಡಿದ್ದು ಕಡಿಮೆ. ಟೆಸ್ಟರ್, ಕಟಿಂಗ್ ಪ್ಲೇಯರ್ ಜೊತೆ ಅದೂ ಒಂದು ಸಾಮಾನು.

ಮೊದಲು ಟಾರ್ಚು. ಸ್ಪೇಸ್ ಗುಂಡಿ ಒತ್ತಿ ಹಿಡಿದರೆ ಸಾಕು, ಫ್ಲ್ಯಾಶ್ ಲೈಟು ಹೊತ್ತಿಕೊಳ್ಳುತ್ತದೆ. ತೋಟದ ಪಂಪ್‌ಹೌಸಲ್ಲಿ ಕರೆಂಟ್ ಸರಿ ಇದ್ದರೆ ನನ್ನನ್ನು ಯಾಕೆ ಕರೆಯುತ್ತಾರೆ, ಅಲ್ವಾ? ಎರಡೂ ಕೈಗೆ ಕೆಲಸ ಇರುವಾಗ ಫೋನನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದೆ. ಈಗಿನ ಹಲಗೆಯಂಥ ಫೋನನ್ನು ಹಾಗೆ ಕಚ್ಚಿ ನೋಡಿ, ಗೊತ್ತಾಗುತ್ತದೆ.

ಆಮೇಲೆ ಫೋಟೋ. ಒಂದು ಸಲ ನಮ್ಮ ಹುಡುಗ ಸ್ಟಾರ್ ಡೆಲ್ಟಾ ಸ್ಟಾರ್ಟರಿಂದ (ಮೋಟಾರ್ ಚಾಲೂ ಮಾಡುವ ಪೆಟ್ಟಿಗೆ) ಮೋಟಾರಿಗೆ ಹೋಗುವ ಆರೂ ವೈರ್ ಬಿಚ್ಚಿ, ಗುರುತೂ ಹಾಕದೆ, ಸೌತೆಬಳ್ಳಿ ಹಾಗೆ ಜೋತು ಬಿಟ್ಟಿದ್ದ. ಮೀಟರ್ ಹಿಡಿದು ಜೋಡಿ ಜೋಡಿ ಹುಡುಕುವಷ್ಟರಲ್ಲಿ ಸಂಜೆ. ಅವತ್ತಿಂದ ಮುಚ್ಚಳ ತೆಗೆದ ಕೂಡಲೇ ಫೋಟೋ, ಆಮೇಲೆ ಸ್ಕ್ರೂಡ್ರೈವರ್. ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು. ಒಂದೇ ತೆಗೆದರೆ ಸ್ಟಾರ್ಟರಿನ ಒಳಗಿನ ಸ್ವಿಚ್ಚಾದ ಕಾಂಟ್ಯಾಕ್ಟರಿನ ಹಿಂದೆ ಹೋದ ವೈರು ಕಾಣುವುದಿಲ್ಲ.

ತೊಂದರೆ ಏನೆಂದರೆ ಇದರ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆಟೋಫೋಕಸ್ ಇಲ್ಲ. ಮೋಟಾರಿನ ನೇಮ್‌ಪ್ಲೇಟು ಯಾವಾಗಲೂ ಗೋಡೆ ಕಡೆಗೇ ಇರುತ್ತದೆ. ತಲೆ ತೂರುವುದಿಲ್ಲ, ಕೈ ತೂರುತ್ತದೆ. ಫೋಟೋ ತೆಗೆದರೆ ಎಲ್ಲ ಮಸುಕು. ಒಂದು ದಿನ ಸುಮ್ನೆ ಅಪ್ಪನ ಓದುವ ಕನ್ನಡಕದ ಗಾಜನ್ನು ಕ್ಯಾಮೆರಾಕ್ಕೆ ಅಡ್ಡ ಹಿಡಿದೆ. ಒಂದು ಗೇಣಿನ ದೂರದಿಂದ ತೆಗೆದೆ. ಗುಡ್ಡೆಯಾಗಿ ಕಾಣುತ್ತಿದ್ದ ಅಂಕಿ ಬಿಡಿಬಿಡಿ ಆಯಿತು: 5 ಎಚ್‌ಪಿ, 7.5 ಆಂಪ್ಸ್. ಆ ಚುಕ್ಕಿ ಸಹ ಕಂಡಿತು. ಚುಕ್ಕಿ ಕಾಣದೆ, ಕರೆಂಟ್ ಜಾಸ್ತಿಯಾದರೆ ಮೋಟಾರ್ ನಿಲ್ಲಿಸುವ ರಿಲೇಯನ್ನು 75ಕ್ಕೆ ಸೆಟ್ ಮಾಡಿದರೆ ಮೋಟಾರ್ ಸುಟ್ಟು ಮತ್ತೆ ನನ್ನ ಅಂಗಡಿಗೇ ಬರುತ್ತದೆ. ವ್ಯಾಪಾರಕ್ಕೆ ಒಳ್ಳೆಯದು, ಹೆಸರಿಗೆ ಕೆಟ್ಟದು. ಅಪ್ಪನಿಗೆ ಮಾತ್ರ ವಾರಗಟ್ಟಲೆ ಕನ್ನಡಕ ಸಿಗಲಿಲ್ಲ.

ಟಿವಿ ರಿಮೋಟ್ ಕೆಟ್ಟಿದೆ ಅಂತ ಅಕ್ಕಪಕ್ಕದವರು ತಂದರೆ, ಕ್ಯಾಮೆರಾ ಆನ್ ಮಾಡಿ ರಿಮೋಟಿನ ಮೂತಿ ಎದುರು ಹಿಡಿದು ಗುಂಡಿ ಒತ್ತಿಸುತ್ತಿದ್ದೆ. ಕಣ್ಣಿಗೆ ಕಾಣದ ಬೆಳಕು ಸ್ಕ್ರೀನಲ್ಲಿ ನೇರಳೆ ಬಣ್ಣಕ್ಕೆ ಮಿಣಮಿಣ ಅಂದರೆ ರಿಮೋಟ್ ಸರಿ ಇದೆ, ಟಿವಿ ನೋಡಬೇಕು. ಏನೂ ಕಾಣದಿದ್ದರೆ ಮೊದಲು ಸೆಲ್ ಬದಲಿಸಿ ಅನ್ನುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಸೆಲ್ಲೇ.

ಪೆಟ್ಟು ತಿಂದದ್ದನ್ನೂ ಹೇಳುತ್ತೇನೆ. ಪ್ರತಿ ಮೋಟಾರಿನ ಲೆಕ್ಕ ನೋಟ್ಸಲ್ಲಿ ಬರೆಯುತ್ತಿದ್ದೆ: ತಂತಿ ಕೂರುವ ಸ್ಲಾಟ್ ಎಷ್ಟು, ಎಷ್ಟು ಸುತ್ತು, ತಂತಿ ಎಷ್ಟು ಗೇಜು ಅಂದರೆ ಎಷ್ಟು ದಪ್ಪ. ಅಷ್ಟು ಗುಂಡಿ ಇರುವ ಫೋನು, ಬರೆಯೋಕೆ ಏನು ಕಷ್ಟ? ಒಂದು ದಿನ ಹ್ಯಾಂಗ್ ಆಯಿತು. ರಿಪೇರಿಗೆ ಕೊಟ್ಟೆ. ಅಂಗಡಿಯವನು ಒಂದು ಮಾತು ಕೇಳದೆ ಎಲ್ಲ ಅಳಿಸಿ, ‘ಹೊಸದರ ಹಾಗೆ ಆಗಿದೆ’ ಅಂತ ನಗುತ್ತಾ ಕೊಟ್ಟ. ನಾಲ್ಕು ವರ್ಷದ ಲೆಕ್ಕ ಹೋಯಿತು. ಫೋಟೋಗಳು ಮೆಮೊರಿ ಕಾರ್ಡಲ್ಲಿದ್ದವು, ಉಳಿದವು. ಅಲ್ಲಿಂದ ಮುಂದೆ ಲೆಕ್ಕವನ್ನು ನೋಟ್‌ಬುಕ್ಕಲ್ಲಿ ಬರೆದು, ಆ ಪುಟದ ಫೋಟೋ ತೆಗೆದಿಡುತ್ತೇನೆ.

ನಿಮ್ಮದು ಆಫ್ ಆಗುತ್ತಿರುವುದು ಬ್ಯಾಟರಿಯಿಂದ ಇರಬೇಕು. ಅದನ್ನು ತೆಗೆದು ಮೇಜಿನ ಮೇಲಿಟ್ಟು ಬೆರಳಲ್ಲಿ ತಿರುಗಿಸಿ. ಗಿರಗಿರ ತಿರುಗಿದರೆ ಉಬ್ಬಿದೆ ಅಂತ ಅರ್ಥ, ಮತ್ತೆ ಚಾರ್ಜಿಗೆ ಹಾಕಲೇಬೇಡಿ. ಬಿಪಿ-4ಎಲ್ ಅಂತ ಕೇಳಿ ಹೊಸದು ತಗೊಳ್ಳಿ. ಜಿಯೋ ಸಿಮ್ ಇದರಲ್ಲಿ ನಡೆಯುವುದಿಲ್ಲ, ಅದಕ್ಕೆ 4ಜಿ ಬೇಕು. 2ಜಿ ಸಿಗುವ ಸಿಮ್ ಆದರೆ ಮಾತಾಡಬಹುದು. ವಾಟ್ಸಾಪ್ ಆಸೆ ಬಿಡಿ, 2017ಕ್ಕೇ ನಿಂತುಹೋಗಿದೆ.

ಧಾರವಾಡ_ಪೇಡೆ:
ಮಾವಾರ, ಕನ್ನಡಕದ ವಿಚಾರ ಭಾರಿ ಐತಿ. ನನ್ನ ಹತ್ತಿರ ನೋಕಿಯಾ ಎನ್73 ಇತ್ತು. ಅಜ್ಜಿ ಹಾಡುವ ಬೀಸುಕಲ್ಲಿನ ಪದ ರೆಕಾರ್ಡ್ ಮಾಡಬೇಕು ಅಂತ ಜೋಳ ಹಾಕಿ ಕಲ್ಲಿನ ಮುಂದೆ ಕೂರಿಸಿದೆ. ಬೀಸದೆ ಹಾಡಿ ಅಂದರೆ ಆಕೆಗೆ ಪದಾನೇ ನೆನಪಾಗುತ್ತಿರಲಿಲ್ಲ. ಅರ್ಧ ತಾಸು ಹಾಡಿದಳು. ನೋಡಿದರೆ ಒಂದೇ ನಿಮಿಷ ರೆಕಾರ್ಡ್ ಆಗಿತ್ತು! ಕ್ವಾಲಿಟಿಯನ್ನು ಎಂಎಂಎಸ್‌ಗೆ, ಅಂದರೆ ಮೆಸೇಜಲ್ಲಿ ಕಳಿಸುವಷ್ಟು ಚಿಕ್ಕ ರೆಕಾರ್ಡಿಗೆ ಇಟ್ಟಿದ್ದೆ. ಅದನ್ನು ‘ಹೈ’ ಮಾಡಬೇಕಿತ್ತು. ಮರುದಿನ ಮತ್ತೆ ಕೂರಿಸಿದೆ. ‘ನಿನ್ನ ಫೋನಿಗಾಗಿ ಎಷ್ಟು ಸೇರು ಬೀಸಲಿ’ ಅಂತ ಬೈದಳು, ಅದೂ ರೆಕಾರ್ಡ್ ಆಗಿದೆ.

ತುಂಗಾ_ತೀರ:
ಮಾವ, ತಿರುಗಿಸಿದೆ. ಬುಗುರಿಯೇ ಆಯಿತು. ಹೊಸ ಬ್ಯಾಟರಿ ಹೇಳಿದ್ದೇನೆ. ಕಾರ್ಡನ್ನು ಈಗಿನ ಫೋನಿಗೆ ಹಾಕಿ ನೋಡಿದೆ. ಮೊದಲ ಫೋಟೋವೇ ಬಸ್‌ಸ್ಟ್ಯಾಂಡಿನ ಟೈಮಿಂಗ್ ಬೋರ್ಡು! ರಜೆಗೆ ಊರಿಗೆ ಬಂದಾಗಲೆಲ್ಲ ಅದನ್ನು ತೆಗೆದಿಟ್ಟುಕೊಳ್ಳುತ್ತಿದ್ದೆ, ಮರೆತೇಹೋಗಿತ್ತು. ಮೂಲೆಯಲ್ಲಿ ಯಾರದೋ ಕೊಡೆ ಅಡ್ಡ ಬಂದು ಶಿವಮೊಗ್ಗದ ಕೊನೆ ಬಸ್ಸು ಮಾತ್ರ ಕಾಣುತ್ತಿಲ್ಲ. ಅಂದಹಾಗೆ ನನ್ನ ಕನ್ನಡಕ ದೂರದ್ದು. ಅದರಲ್ಲೂ ನಿಮ್ಮ ಹಾಗೆ ಫೋಟೋ ಬರುತ್ತಾ?

ವೈಂಡಿಂಗ್_ಮಾವ:
ಇಲ್ಲ. ಅದು ಮೈನಸ್ ಗಾಜು, ಇನ್ನೂ ಕೆಡುತ್ತದೆ. ಮನೆಯಲ್ಲಿ ಹಿರಿಯರು ಪೇಪರ್ ಓದುವ ಪ್ಲಸ್ ಕನ್ನಡಕ ಇದ್ದರೆ ಅದನ್ನು ತಗೊಳ್ಳಿ. ಕೇಳಿ ತಗೊಳ್ಳಿ.